ತೊಡೆಗೆ ಪಟ್ಟಿ ಕಟ್ಕೊಂಡು ವಾಕಿಂಗ್: ಮಂಡಿಗೆ ಹಗುರ ಸರಿ, ಹಾರ್ಟ್‌ಗೆ?

ಫಿಸಿಯೋ ಸೆಂಟರ್‌ಗಳಲ್ಲಿ, ಸ್ವಲ್ಪ ದೊಡ್ಡ ಜಿಮ್‌ಗಳಲ್ಲಿ ಈಗೀಗ ಇದನ್ನ ನೋಡಿರ್ತೀರ. ತೊಡೆಯ ಮೇಲ್ಭಾಗಕ್ಕೆ, ಸೊಂಟಕ್ಕೆ ಹತ್ರ ಬರೋ ಹಾಗೆ, ಬಿಪಿ ಮಷೀನ್ ಪಟ್ಟಿ ತರದ್ದೇ ಒಂದು ಅಗಲದ ಕಫ್ ಸುತ್ತಿ ಗಾಳಿ ತುಂಬ್ತಾರೆ, ಆಮೇಲೆ ಟ್ರೆಡ್‌ಮಿಲ್ ಮೇಲೆ ನಿಧಾನಕ್ಕೆ ನಡೆಸ್ತಾರೆ ಇಲ್ಲ ಸೈಕಲ್ ತುಳಿಸ್ತಾರೆ. ಸ್ಪೀಡು ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್ ಅಷ್ಟೇ, ಆದ್ರೆ ಹತ್ತು ನಿಮಿಷ ಆಗೋಷ್ಟರಲ್ಲಿ ಮನುಷ್ಯ ಬೆವರಿಳಿಸ್ಕೊಂಡು, ತೊಡೆ ಉರೀತಿದೆ ಸಾಕು ಬಿಡಿ ಅಂತಿರ್ತಾನೆ. ಇದಕ್ಕೆ ಬ್ಲಡ್ ಫ್ಲೋ ರಿಸ್ಟ್ರಿಕ್ಷನ್ ಅಂತಾರೆ, ಚಿಕ್ಕದಾಗಿ ಬಿಎಫ್‌ಆರ್. ವೇಯ್ಟ್ ಎತ್ತೋವಾಗ ಇದನ್ನ ಬಳಸೋದರ ಬಗ್ಗೆ ರೀಲ್ಸ್ ಬೇಕಾದಷ್ಟಿವೆ, ಬೈಸೆಪ್ಸ್‌ಗೆ ಬ್ಯಾಂಡ್ ಬಿಗಿದು ಡಂಬೆಲ್ ಎತ್ತೋ ಹುಡುಗರನ್ನ ನೋಡೇ ಇರ್ತೀರ, ಅದನ್ನ ಇಲ್ಲಿ ಬಿಟ್ಬಿಡೋಣ. ನಡಿಗೆ, ಸೈಕಲ್, ರೋಯಿಂಗ್ ತರದ ಏರೋಬಿಕ್ ವ್ಯಾಯಾಮದ ಜೊತೆ ಈ ಪಟ್ಟಿ ಸೇರಿದ್ರೆ ದೇಹದ ಒಳಗೆ ಏನಾಗತ್ತೆ ಅನ್ನೋದು ನಂಗೆ ಅದಕ್ಕಿಂತ ಇಂಟರೆಸ್ಟಿಂಗ್ ಅನ್ಸತ್ತೆ, ಯಾಕಂದ್ರೆ ಇಲ್ಲಿ ಲಾಭ ಒಂದು ಕಡೆ ಆಗತ್ತೆ, ಭಾರ ಇನ್ನೊಂದು ಕಡೆ ಬೀಳತ್ತೆ, ಮತ್ತು ಆ ಎರಡನೇ ವಿಷಯ ಯಾರೂ ಸರಿಯಾಗಿ ಹೇಳಲ್ಲ.

ಮೊದಲು ಸ್ವಲ್ಪ ಹಿಸ್ಟರಿ. ಇದು ಜಪಾನಿನಿಂದ ಬಂದಿದ್ದು. ಯೋಶಿಯಾಕಿ ಸಾಟೊ ಅನ್ನೋರು 1966ರಲ್ಲಿ, ಇನ್ನೂ ಹುಡುಗ, ಒಂದು ಬೌದ್ಧ ಶ್ರಾದ್ಧದ ಕಾರ್ಯದಲ್ಲಿ ನಮ್ಮ ವಜ್ರಾಸನದ ಥರ ಮಂಡಿ ಮಡಿಸ್ಕೊಂಡು ತುಂಬ ಹೊತ್ತು ಕೂತಿದ್ರಂತೆ, ಕಾಲು ಜೋಮು ಹಿಡಿದು ಮೀನಖಂಡ ಬಿಗಿದು ಊದ್ಕೊಂಡ ಹಾಗಾಯ್ತು, ಅರೆ ಇದು ಎಕ್ಸರ್‌ಸೈಜ್ ಮಾಡಿದಾಗ ಆಗೋ ಥರಾನೇ ಇದೆಯಲ್ಲ ಅಂತ ತಲೆಗೆ ಹೊಳೀತು. ಆಮೇಲೆ ವರ್ಷಗಟ್ಟಲೆ ಸೈಕಲ್ ಟ್ಯೂಬು, ಹಗ್ಗ, ಬ್ಯಾಂಡು ಎಲ್ಲ ಕಟ್ಕೊಂಡು ತನ್ನ ಮೇಲೇ ಪ್ರಯೋಗ. 1973ರಲ್ಲಿ ಸ್ಕೀಯಿಂಗ್ ಮಾಡೋಕೆ ಹೋಗಿ ಪಾದದ ಗಂಟು ಮುರ್ಕೊಂಡ್ರು, ಪ್ಲಾಸ್ಟರ್ ಹಾಕಿದ್ದ ಕಾಲಿನ ತೊಡೆಗೆ ಬ್ಯಾಂಡ್ ಬಿಗಿಯೋದು ಬಿಡೋದು ಮಾಡ್ತಾ ಇದ್ದಿದ್ರಿಂದ ಮಸಲ್ ಸೊರಗಲಿಲ್ಲ ಅನ್ನೋದು ಅವ್ರೇ ಹೇಳ್ಕೊಂಡು ಬಂದಿರೋ ಕಥೆ. ಈ ಪದ್ಧತಿಗೆ ಅವ್ರು ಕಾಟ್ಸು ಅಂತ ಹೆಸರಿಟ್ಟು ಪೇಟೆಂಟ್ ತಗೊಂಡ್ರು. ಒಬ್ಬ ಮನುಷ್ಯನ ಅನುಭವದಿಂದ ವಿಜ್ಞಾನ ಆಗಲ್ಲ, ಅದು ಬೇರೆ ಮಾತು, ಆದ್ರೆ ಆಮೇಲೆ ಲ್ಯಾಬ್‌ನೋರು ಇದನ್ನ ಕೈಗೆತ್ಕೊಂಡ್ರು.

ಅದಕ್ಕೆ ಸಂಬಂಧವೇ ಇಲ್ದೆ ಸ್ವೀಡನ್ನಿನಲ್ಲೂ ಇಂಥದ್ದೇ ಒಂದು ಕೆಲಸ ನಡೀತಿತ್ತು. 1990ರ ಆಸುಪಾಸಿನಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಅನ್ನೋ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಕಾಲುಗಳನ್ನ ಒಂದು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಆ ಪೆಟ್ಟಿಗೆಯ ಗಾಳಿಯ ಒತ್ತಡ 50 ಮಿಲಿಮೀಟರ್ ಮರ್ಕ್ಯುರಿ ಜಾಸ್ತಿ ಮಾಡಿ, ಒಂದು ಕಾಲಲ್ಲಿ ಪೆಡಲ್ ತುಳಿಸ್ತಿದ್ರು. ಹೊರಗಿಂದ ಒತ್ತಿದಾಗ ಕಾಲಿಗೆ ಹೋಗೋ ರಕ್ತ ಕಮ್ಮಿ ಆಗತ್ತೆ. ಹಾಗೆ ಟ್ರೇನ್ ಮಾಡಿದ ಕಾಲಿನ ಮಸಲ್‌ನಲ್ಲಿ ಆಕ್ಸಿಜನ್ ಬಳಸೋ ಎಂಜೈಮ್‌ಗಳು ಮಾಮೂಲಿ ಟ್ರೇನಿಂಗ್‌ಗಿಂತ ಜಾಸ್ತಿ ಆಗಿದ್ದು ಕಾಣ್ತು. ಏರೋಬಿಕ್ ಬಿಎಫ್‌ಆರ್ ಅನ್ನೋದರ ನಿಜವಾದ ಬೇರು ಇಲ್ಲಿದೆ ಅಂತ ನನ್ನ ಅಭಿಪ್ರಾಯ, ಆದ್ರೆ ಪೆಟ್ಟಿಗೆನ ಬ್ಯಾಗಲ್ಲಿ ಹಾಕ್ಕೊಂಡು ಓಡಾಡೋಕಾಗಲ್ವಲ್ಲ, ಹಾಗಾಗಿ ಪಟ್ಟಿ ಗೆದ್ದುಬಿಡ್ತು.

ಈಗ ಕಾಲಿನ ಒಳಗೆ ಹೋಗೋಣ. ಕಫ್ ರಕ್ತ ಪೂರ್ತಿ ನಿಲ್ಲಿಸ್ಬಿಡತ್ತೆ ಅಂತ ತುಂಬ ಜನ ಅನ್ಕೊಂಡಿರ್ತಾರೆ, ಹಾಗಲ್ಲ. ಕಾಲಿಗೆ ರಕ್ತ ತರೋ ಅಪಧಮನಿಗಳು ದಪ್ಪ ಗೋಡೆಯವು, ಒಳಗೆ ಒತ್ತಡ ಜಾಸ್ತಿ, ಸುಲಭಕ್ಕೆ ಮುಚ್ಕೊಳಲ್ಲ. ವಾಪಸ್ ತಗೊಂಡು ಹೋಗೋ ಅಭಿಧಮನಿಗಳು ಅಂದ್ರೆ ವೇಯ್ನ್‌ಗಳು ತೆಳು, ಒತ್ತಡಾನೂ ಕಮ್ಮಿ, ಸ್ವಲ್ಪ ಒತ್ತಿದ್ರೂ ಅಮುಕ್ಕೊಳತ್ತೆ. ಸಿಂಕ್‌ನ ಡ್ರೈನ್ ಅರ್ಧಕ್ಕಿಂತ ಜಾಸ್ತಿ ಕಟ್ಕೊಂಡಿದೆ, ನಲ್ಲಿ ಮಾತ್ರ ಸಣ್ಣಗೆ ಹರೀತಾನೇ ಇದೆ ಅಂದ್ರೆ ಏನಾಗತ್ತೋ ಅದೇ ಇಲ್ಲೂ ಆಗೋದು, ಒಳಗೆ ಬರೋದು ಕಮ್ಮಿ, ಹೊರಗೆ ಹೋಗೋದು ಅದಕ್ಕಿಂತ ಕಮ್ಮಿ, ನಡುವೆ ತುಂಬ್ಕೊಳತ್ತೆ. ನಡೆಯೋವಾಗ ಮೀನಖಂಡ ಹಿಂಡಿ ಹಿಂಡಿ ಸ್ವಲ್ಪ ರಕ್ತ ಮೇಲಕ್ಕೆ ತಳ್ಳತ್ತೆ, ಹಾಗಾಗಿ ಪೂರ್ತಿ ನಿಂತ ನೀರಾಗಲ್ಲ, ಆದ್ರೂ ಕಾಲು ದಪ್ಪಗೆ, ಬಿಗಿಯಾಗಿ, ಬಣ್ಣ ಸ್ವಲ್ಪ ಗಾಢ ಆಗಿ ಕಾಣತ್ತೆ.

ನಿಧಾನ ನಡಿಗೇಲಿ ಮಾಮೂಲಾಗಿ ಕೆಲಸ ಮಾಡೋದು ಸ್ಲೋ ಫೈಬರ್‌ಗಳು. ಇವು ಆಕ್ಸಿಜನ್ ಮೇಲೆ ಬದುಕೋವು, ದಿನವಿಡೀ ನಡೀರಿ ಅಂದ್ರೂ ನಡೀತವೆ. ಜೋರಾಗಿ ಓಡೋಕೆ, ಎಗರೋಕೆ, ಭಾರ ಎತ್ತೋಕೆ ಬೇಕಾಗೋ ಫಾಸ್ಟ್ ಫೈಬರ್‌ಗಳನ್ನ ಮೆದುಳು ಎಬ್ಬಿಸೋಕೇ ಹೋಗಲ್ಲ, ಅವಶ್ಯಕತೆ ಇಲ್ವಲ್ಲ. ಪಟ್ಟಿ ಕಟ್ಟಿದ ಕಾಲಲ್ಲಿ ಆಕ್ಸಿಜನ್ ಸಪ್ಲೈ ಸಾಲಲ್ಲ, ಸ್ಲೋ ಫೈಬರ್‌ಗಳು ಸುಸ್ತಾಗ್ತವೆ, ಫಾಸ್ಫೊಕ್ರಿಯಾಟಿನ್ ಅನ್ನೋ ತಕ್ಷಣದ ಇಂಧನ ಖಾಲಿಯಾಗ್ತಾ ಬರತ್ತೆ, ಲ್ಯಾಕ್ಟೇಟ್ ಏರತ್ತೆ, ಆಸಿಡ್ ಜಾಸ್ತಿ ಆಗತ್ತೆ, ಇದ್ಯಾವ್ದೂ ಬೇಗ ತೊಳೆದುಕೊಂಡು ಹೋಗಲ್ಲ ಯಾಕಂದ್ರೆ ವಾಪಸ್ ದಾರಿ ಅಮುಕಿದೆ. ಆಗ ಅದೇ ಸ್ಪೀಡ್ ಮೇಂಟೇನ್ ಮಾಡೋಕೆ ಮೆದುಳು ಫಾಸ್ಟ್ ಫೈಬರ್‌ಗಳನ್ನೂ ಕೆಲಸಕ್ಕೆ ಕರೀಬೇಕಾಗತ್ತೆ. ಅಂದ್ರೆ ಹೊರಗಿಂದ ನೋಡೋರಿಗೆ ಗಂಟೆಗೆ ಮೂರು ಕಿಲೋಮೀಟರ್ ನಡಿಗೆ, ತೊಡೆ ಮಸಲ್‌ನ ಲೆಕ್ಕದಲ್ಲಿ ಮಾತ್ರ ಅದಕ್ಕಿಂತ ತುಂಬ ಜೋರಾದ ಕೆಲಸ.

ಈ ಕಷ್ಟಕ್ಕೆ ಮಸಲ್ ಎರಡು ಥರ ಉತ್ತರ ಕೊಡತ್ತೆ. ಒಂದು, ಆಕ್ಸಿಜನ್ ಕಮ್ಮಿ ಆಯ್ತು ಅನ್ನೋ ಸಿಗ್ನಲ್‌ಗೆ ಎಚ್ಚರ ಆಗೋ ಪ್ರೋಟೀನ್‌ಗಳಿವೆ, ಅವು ಹೊಸ ಸಣ್ಣ ರಕ್ತನಾಳ ಬೆಳೆಸೋ ಗ್ರೋತ್ ಫ್ಯಾಕ್ಟರ್‌ಗಳನ್ನ ಹೊರಡಿಸ್ತವೆ, ಜೊತೆಗೆ ಮೈಟೊಕಾಂಡ್ರಿಯಾ ಜಾಸ್ತಿ ಮಾಡೋ ಜೀನ್‌ಗಳೂ ಆನ್ ಆಗ್ತವೆ. ಕಫ್ ಬಿಚ್ಚಿದ ತಕ್ಷಣ ರಕ್ತ ಒಮ್ಮೆಲೆ ನುಗ್ಗತ್ತಲ್ಲ, ಆ ರಭಸಕ್ಕೆ ರಕ್ತನಾಳದ ಒಳಗೋಡೆ ಉಜ್ಜಿದ ಹಾಗಾಗಿ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಆಗತ್ತೆ, ಅದೂ ಈ ಬೆಳವಣಿಗೆಗೆ ಒಂದು ತಳ್ಳು ಕೊಡತ್ತೆ. ಎರಡನೇದು, ಫಾಸ್ಟ್ ಫೈಬರ್‌ಗಳು ಎದ್ದಿರೋದು ಮತ್ತು ಸೆಲ್‌ಗಳ ಒಳಗೆ ನೀರು ಸೇರಿ ಊದ್ಕೊಂಡಿರೋದು, ಇವೆರಡೂ ಸೇರಿ ಮಸಲ್ ಪ್ರೋಟೀನ್ ಕಟ್ಟೋ ಕೆಲಸಕ್ಕೆ ಚಾಲನೆ ಕೊಡ್ತವೆ. ಗ್ರೋತ್ ಹಾರ್ಮೋನ್ ರಕ್ತದಲ್ಲಿ ಏರತ್ತೆ ಅನ್ನೋದನ್ನ ಹಿಂದೆಲ್ಲ ದೊಡ್ಡದಾಗಿ ಹೇಳ್ತಿದ್ರು, ಏರೋದು ನಿಜ, ಆದ್ರೆ ಅಷ್ಟು ಹೊತ್ತಿನ ಏರಿಕೆಯಿಂದಾನೇ ಮಸಲ್ ಬೆಳೆಯತ್ತೆ ಅನ್ನೋದನ್ನ ಈಗ ಹೆಚ್ಚಿನೋರು ನಂಬಲ್ಲ.

ಇದೆಲ್ಲ ಥಿಯರಿ ಆಯ್ತು, ನಿಜವಾಗ್ಲೂ ಬದಲಾವಣೆ ಆಗತ್ತಾ? 2006ರಲ್ಲಿ ತಕಾಶಿ ಆಬೆ, ಕರ್ನ್ಸ್ ಮತ್ತು ಸಾಟೊ ಒಂದು ಸ್ಟಡಿ ಪ್ರಕಟ ಮಾಡಿದ್ರು, ಈ ಕ್ಷೇತ್ರದಲ್ಲಿ ಎಲ್ರೂ ಅದನ್ನೇ ಮೊದಲು ಹೇಳೋದು. ಯುವಕರು, ನಿಮಿಷಕ್ಕೆ 50 ಮೀಟರ್ ನಡಿಗೆ, ಅಂದ್ರೆ ಗಂಟೆಗೆ ಸರಿಯಾಗಿ 3 ಕಿಲೋಮೀಟರ್. 2 ನಿಮಿಷ ನಡಿಗೆ 1 ನಿಮಿಷ ರೆಸ್ಟು, ಹೀಗೆ 5 ಸಲ. ದಿನಕ್ಕೆ ಎರಡು ಸಲ, ವಾರಕ್ಕೆ 6 ದಿನ, 3 ವಾರ. ಪಟ್ಟಿ ಕಟ್ಟಿ ನಡೆದೋರ ತೊಡೆ ಮಸಲ್ ಎಂಆರ್‌ಐನಲ್ಲಿ ಅಳೆದಾಗ 4ರಿಂದ 7 ಪರ್ಸೆಂಟ್ ಹೆಚ್ಚಾಗಿತ್ತು, ಬಲ 8ರಿಂದ 10 ಪರ್ಸೆಂಟ್. ಪಟ್ಟಿ ಇಲ್ದೆ ಅದೇ ಥರ ನಡೆದೋರಲ್ಲಿ ಏನೂ ಇಲ್ಲ. ನಡಿಗೆಯಿಂದ ತೊಡೆ ದಪ್ಪ ಆಗತ್ತೆ ಅಂತ ಅದಕ್ಕೂ ಮುಂಚೆ ಯಾರಾದ್ರೂ ಹೇಳಿದ್ರೆ ನಗ್ತಿದ್ರು. ಆದ್ರೆ ಇಲ್ಲೊಂದು ಮಾತು, ಎರಡೂ ಗುಂಪು ಸೇರಿ ಇದ್ದೋರು ಬರೀ 18 ಜನ, ಮತ್ತು ದಿನಕ್ಕೆ ಎರಡು ಸಲ ವಾರಕ್ಕೆ ಆರು ದಿನ ಅಂದ್ರೆ ಕೆಲಸ ಬೊಗಸೆ ಇರೋರು ಮಾಡೋ ಅಂಥದ್ದಲ್ಲ. ಇದನ್ನ ಬಿಟ್ಟು ಪರ್ಸೆಂಟ್ ಮಾತ್ರ ಹೇಳೋದು ಮಾರ್ಕೆಟಿಂಗ್‌ನೋರ ಚಾಳಿ.

2010ರಲ್ಲಿ ಆಬೆ ತಂಡದ್ದೇ ಇನ್ನೊಂದು, ಈ ಸಲ ಸೈಕಲ್. ಗರಿಷ್ಠ ಸಾಮರ್ಥ್ಯದ 40 ಪರ್ಸೆಂಟ್‌ನಲ್ಲಿ 15 ನಿಮಿಷ, ವಾರಕ್ಕೆ 3 ದಿನ, 8 ವಾರ. ಹೋಲಿಕೆಗೆ ಇಟ್ಟಿದ್ದ ಗುಂಪು ಪಟ್ಟಿ ಇಲ್ದೆ ಅದೇ ಜೋರಲ್ಲಿ 45 ನಿಮಿಷ ತುಳೀತು, ಅಂದ್ರೆ ಮೂರು ಪಟ್ಟು ಹೊತ್ತು. ಪಟ್ಟಿಯವರ ವಿಓಟು ಮ್ಯಾಕ್ಸ್ 6.4 ಪರ್ಸೆಂಟ್ ಏರಿತು, ತೊಡೆ ಮಸಲ್ಲೂ ಸ್ವಲ್ಪ ಬೆಳೀತು, 45 ನಿಮಿಷದೋರಿಗೆ ಅಂಥದ್ದೇನೂ ಆಗ್ಲಿಲ್ಲ. ವಿಓಟು ಮ್ಯಾಕ್ಸ್ ಅಂದ್ರೆ ದೇಹ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಕ್ಸಿಜನ್ ಬಳಸ್ಕೊಳ್ಳಬಹುದು ಅನ್ನೋ ಅಳತೆ, ಸ್ಟ್ಯಾಮಿನಾದ ತಳಪಾಯ ಅಂತ ಇಟ್ಕೊಳಿ. ಅದೇ ವರ್ಷ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ಎರಡೇ ವಾರದ ಪಟ್ಟಿ-ನಡಿಗೆ ಮಾಡಿಸಿದ ಒಂದು ಸ್ಟಡಿಯಲ್ಲಿ 11.6 ಪರ್ಸೆಂಟ್ ಅಂತ ಬಂತು, ಎರಡು ವಾರಕ್ಕೆ ಅಷ್ಟು ಅಂದ್ರೆ ನಂಗೆ ಸ್ವಲ್ಪ ಹುಬ್ಬೇರತ್ತೆ.

ಆದ್ರೆ ಈ ಹೋಲಿಕೆಗಳಲ್ಲಿ ಒಂದು ಕಿತಾಪತಿ ಇದೆ. ಪಟ್ಟಿ ಕಟ್ಟಿದ ನಿಧಾನ ನಡಿಗೇನ ಪಟ್ಟಿ ಇಲ್ದ ನಿಧಾನ ನಡಿಗೆ ಜೊತೆ ಹೋಲಿಸಿದ್ರೆ ಪಟ್ಟಿ ಗೆಲ್ಲಲೇಬೇಕು, ಎದುರಿಗಿರೋನು ಏನೂ ಮಾಡ್ತಾನೇ ಇಲ್ವಲ್ಲ. ನಿಜವಾದ ಪ್ರಶ್ನೆ, ಪಟ್ಟಿ ಕಟ್ಟಿ ನಿಧಾನಕ್ಕೆ ಮಾಡೋದು ಮೇಲಾ ಇಲ್ಲ ಪಟ್ಟಿ ಬಿಟ್ಟು ಜೋರಾಗಿ ಮಾಡೋದು ಮೇಲಾ ಅನ್ನೋದು. ಬ್ರೆಜಿಲ್‌ನ ಸಂಶೋಧಕರು 2016ರಲ್ಲಿ ಇದನ್ನೇ ನೋಡಿದ್ರು, ಸೈಕಲ್ ಮೇಲೆ 4 ವಾರ. ಪಟ್ಟಿ ಕಟ್ಟಿ ಲೈಟಾಗಿ ಇಂಟರ್ವಲ್, ಅಂದ್ರೆ ಸ್ವಲ್ಪ ಹೊತ್ತು ತುಳಿದು ಸ್ವಲ್ಪ ಹೊತ್ತು ಬಿಡೋ ಥರ, ಮಾಡಿದೋರ ವಿಓಟು ಮ್ಯಾಕ್ಸ್ ಸುಮಾರು 5ರಿಂದ 6 ಪರ್ಸೆಂಟ್ ಏರಿತು. ಪಟ್ಟಿ ಇಲ್ದೆ ಜೋರಾದ ಇಂಟರ್ವಲ್ ಮಾಡಿದೋರದ್ದು ಸುಮಾರು 9 ಪರ್ಸೆಂಟ್. ಪಟ್ಟಿ ಇಲ್ದೆ ಲೈಟಾಗಿ ಮಾಡಿದೋರದ್ದು ಇದ್ದಲ್ಲೇ ಇತ್ತು. ಆದ್ರೆ ತೊಡೆಯ ಬಲ ಹೆಚ್ಚಾಗಿದ್ದು ಪಟ್ಟಿ ಕಟ್ಟಿ ಲೈಟಾಗಿ ಮಾಡಿದೋರಿಗೆ ಮಾತ್ರ. ನನ್ನ ಪ್ರಕಾರ ಇಡೀ ವಿಷಯದ ಸಾರ ಈ ಒಂದು ಸ್ಟಡಿಯಲ್ಲೇ ಸಿಗತ್ತೆ. ಜೋರಾಗಿ ಓಡೋಕೆ ತುಳಿಯೋಕೆ ಆಗೋರಿಗೆ ಸ್ಟ್ಯಾಮಿನಾ ಬೇಕಂದ್ರೆ ಜೋರಾಗಿ ಮಾಡೋದೇ ಸರಿ, ಪಟ್ಟಿ ದಂಡ. ಜೋರು ಮಾಡೋಕೆ ಆಗದೇ ಇರೋರಿಗೆ ಪಟ್ಟಿಯಿಂದ ಅರ್ಧಕ್ಕಿಂತ ಜಾಸ್ತಿ ಲಾಭ ಸಿಗತ್ತೆ, ಮೇಲಿಂದ ಕಾಲಿಗೆ ಬಲಾನೂ ಬರತ್ತೆ.

ಜೋರು ಮಾಡೋಕೆ ಆಗದೇ ಇರೋರು ಯಾರು? ಮಂಡಿ ಲಿಗಮೆಂಟ್ ಆಪರೇಷನ್ ಆದೋರು, ಅದ್ರಲ್ಲೂ ಫುಟ್‌ಬಾಲ್ ಕಬಡ್ಡಿ ಆಡೋ ಹುಡುಗರು ಎಸಿಎಲ್ ಹರ್ಕೊಂಡಿರ್ತಾರಲ್ಲ, ಅವರ ತೊಡೆ ಕೆಲವೇ ವಾರದಲ್ಲಿ ಸೊರಗಿ ಹೋಗತ್ತೆ, ಭಾರ ಹಾಕೋ ಹಾಗಿಲ್ಲ, ಓಡೋ ಹಾಗಿಲ್ಲ. ಮಂಡಿ ಸವೆತ ಇರೋ ಅಜ್ಜಿ-ತಾತಂದಿರು. ತುಂಬ ದಿನ ಹಾಸಿಗೆ ಹಿಡಿದು ಎದ್ದೋರು. ವಯಸ್ಸಾದೋರ ವಿಷಯಕ್ಕೆ ಬಂದ್ರೆ, ಆಬೆ ತಂಡ 60ರಿಂದ 78 ವಯಸ್ಸಿನವರನ್ನ ನಿಮಿಷಕ್ಕೆ 67 ಮೀಟರ್ ಸ್ಪೀಡಲ್ಲಿ 20 ನಿಮಿಷ, ವಾರಕ್ಕೆ 5 ದಿನ, 6 ವಾರ ನಡೆಸಿದ್ರು. ಕಾಲಿನ ಬಲ ಹೆಚ್ಚಾಯ್ತು, ಮಸಲ್ ಹೆಚ್ಚಾಯ್ತು, ಕುರ್ಚಿಯಿಂದ ಎದ್ದು ಕೂರೋ ಥರದ ದಿನನಿತ್ಯದ ಕೆಲಸ ಚುರುಕಾಯ್ತು, ಆದ್ರೆ ಸ್ಟ್ಯಾಮಿನಾದ ಅಳತೆ ಏರಲಿಲ್ಲ. ಯುವಕರಲ್ಲಿ ಕಂಡ ವಿಓಟು ಮ್ಯಾಕ್ಸ್ ಲಾಭ ಇವ್ರಲ್ಲಿ ಕಾಣ್ಲಿಲ್ಲ ಅಂತ ಬೇಜಾರಾಗ್ಬೇಕಿಲ್ಲ, ಆ ವಯಸ್ಸಲ್ಲಿ ಕೈ ಊರದೆ ಕುರ್ಚಿಯಿಂದ ಏಳೋದು ಮ್ಯಾರಥಾನ್‌ಗಿಂತ ದೊಡ್ಡ ವಿಷಯ.

ಇನ್ನೊಂದು ತುದೀಲಿ ಇರೋರು ಟಾಪ್ ಲೆವೆಲ್ ಅಥ್ಲೀಟ್‌ಗಳು. ಇವರ ಕಷ್ಟ ಬೇರೆ, ಈಗಾಗ್ಲೇ ವಾರಕ್ಕೆ ಹತ್ತು-ಹದಿನೈದು ಗಂಟೆ ಟ್ರೇನಿಂಗ್ ಮಾಡ್ತಾ ಇರ್ತಾರೆ, ಇನ್ನೂ ಜಾಸ್ತಿ ಮಾಡಿದ್ರೆ ಇಂಜುರಿ ಆಗತ್ತೆ. ಜರ್ಮನಿಯಲ್ಲಿ ಒಳ್ಳೆ ಲೆವೆಲ್‌ನ ರೋಯಿಂಗ್ ಆಟಗಾರರ ಮೇಲೆ ಮಾಡಿ 2020ರಲ್ಲಿ ಪ್ರಕಟ ಆದ ಒಂದು ಸ್ಟಡಿಯಲ್ಲಿ ಲೈಟ್ ರೋಯಿಂಗ್‌ಗೆ ಪಟ್ಟಿ ಸೇರಿಸಿ 5 ವಾರ ಆದ್ಮೇಲೆ ವಿಓಟು ಮ್ಯಾಕ್ಸ್ ಸುಮಾರು 9 ಪರ್ಸೆಂಟ್ ಏರಿತು, ಪಟ್ಟಿ ಇಲ್ದೋರದ್ದು 2.5 ಪರ್ಸೆಂಟ್. ಅದಕ್ಕೂ ಮುಂಚೆ ಇಂಗ್ಲೆಂಡಿನ ಲಫ್‌ಬರೋದಲ್ಲಿ ಟೇಲರ್, ಇಂಗಮ್ ಮತ್ತು ಫರ್ಗುಸನ್ ಬೇರೆ ದಾರಿ ಹಿಡಿದಿದ್ರು. ಟ್ರೇನ್ಡ್ ಸೈಕ್ಲಿಸ್ಟ್‌ಗಳು ಮೊದಲು ಪೂರ್ತಿ ಜೋರಲ್ಲಿ ಸ್ಪ್ರಿಂಟ್ ಮಾಡ್ತಾರೆ, ಮುಗಿದ ತಕ್ಷಣ ರೆಸ್ಟ್ ಮಾಡೋವಾಗ ಪಟ್ಟಿಗೆ ಗಾಳಿ. 4 ವಾರಕ್ಕೆ ವಿಓಟು ಮ್ಯಾಕ್ಸ್ 4.5 ಪರ್ಸೆಂಟ್ ಏರಿತು, ಬರೀ ಸ್ಪ್ರಿಂಟ್ ಮಾಡಿದೋರದ್ದು ಏರಲಿಲ್ಲ. ಸಖತ್ ಅಲ್ವಾ? ಆದ್ರೆ 15 ಕಿಲೋಮೀಟರ್ ಟೈಮ್ ಟ್ರಯಲ್ ಓಡಿಸಿದಾಗ ಟೈಮ್ ಅಷ್ಟೇ ಇತ್ತು. ಲ್ಯಾಬ್‌ನ ನಂಬರ್ ಏರಿದ್ರೆ ರೇಸ್ ಗೆದ್ದ ಹಾಗಲ್ಲ. ಅಮೆರಿಕದ ಈಜುಗಾರ ಮೈಕಲ್ ಆಂಡ್ರ್ಯೂ ಟೋಕಿಯೋ ಒಲಿಂಪಿಕ್ಸ್ ಹೊತ್ತಲ್ಲಿ ಕೈಕಾಲಿಗೆ ಬ್ಯಾಂಡ್ ಕಟ್ಕೊಂಡಿದ್ದ ಫೋಟೋ ಎಲ್ಲ ಕಡೆ ಓಡಾಡಿತ್ತಲ್ಲ, ಅಂಥ ಫೋಟೋ ನೋಡಿ ಆರ್ಡರ್ ಮಾಡೋರು ಇದನ್ನ ನೆನಪಿಟ್ಕೊಂಡ್ರೆ ಒಳ್ಳೇದು.

ಈಗ ನಾನು ಮೊದಲು ಹೇಳಿದ ಎರಡನೇ ವಿಷಯಕ್ಕೆ ಬರ್ತೀನಿ, ಹಾರ್ಟು.

"ಕಡಿಮೆ ತೀವ್ರತೆ, ಆದ್ರಿಂದ ಸೇಫ್" ಅನ್ನೋ ಮಾತು ಎಲ್ಲ ಕಡೆ ಕೇಳತ್ತೆ. ಮಂಡಿಯ ದೃಷ್ಟಿಯಿಂದ ಕಡಿಮೆ ತೀವ್ರತೆ, ನಿಜ. ಹಾರ್ಟ್ ದೃಷ್ಟಿಯಿಂದ ಹಾಗಿಲ್ಲ. ಕಾಲಲ್ಲಿ ರಕ್ತ ತುಂಬ್ಕೊಂಡಿದೆ ಅಂದ್ರೆ ಹಾರ್ಟ್‌ಗೆ ವಾಪಸ್ ಬರೋ ರಕ್ತ ಕಮ್ಮಿ. ವಾಪಸ್ ಬಂದಿದ್ದು ಕಮ್ಮಿ ಅಂದ್ರೆ ಒಂದೊಂದು ಬಡಿತಕ್ಕೆ ಹೊರಗೆ ಹಾಕೋದೂ ಕಮ್ಮಿ. ದೇಹಕ್ಕೆ ಬೇಕಾದ ಒಟ್ಟು ರಕ್ತ ಸಪ್ಲೈ ಮಾಡೋಕೆ ಹಾರ್ಟ್ ಬಡಿತದ ಸಂಖ್ಯೆ ಏರಿಸತ್ತೆ, ಹಾಗಾಗಿ ಅದೇ ಸ್ಪೀಡಲ್ಲಿ ನಡೆದ್ರೂ ಪಟ್ಟಿ ಇದ್ದಾಗ ಹಾರ್ಟ್ ರೇಟ್ ಜಾಸ್ತಿ. ಇಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ, ಇದರ ಮೇಲೆ ಇನ್ನೊಂದು ರಿಫ್ಲೆಕ್ಸ್ ಸೇರ್ಕೊಳತ್ತೆ.

ಆ ರಿಫ್ಲೆಕ್ಸ್ ಕಂಡುಹಿಡಿದ ಪ್ರಯೋಗ ತುಂಬ ಚಂದ ಇದೆ. 1937, ಕೈರೋ. ಆಲಂ ಮತ್ತು ಸ್ಮರ್ಕ್ ಅನ್ನೋ ಇಬ್ರು ವಿಜ್ಞಾನಿಗಳು ಕೈಕಾಲಿಗೆ ಕಫ್ ಹಾಕಿ ರಕ್ತ ನಿಲ್ಲಿಸಿ, ಆ ಭಾಗದ ಮಸಲ್‌ಗೆ ವ್ಯಾಯಾಮ ಮಾಡಿಸಿ, ಬಿಪಿ ಅಳೆದ್ರು. ವ್ಯಾಯಾಮ ಮಾಡೋವಾಗ ಬಿಪಿ ಏರೋದು ಗೊತ್ತಿದ್ದಿದ್ದೇ. ವ್ಯಾಯಾಮ ನಿಲ್ಲಿಸಿದ್ರು, ಕಫ್ ಮಾತ್ರ ಬಿಚ್ಚಲಿಲ್ಲ. ಮಸಲ್ ಸುಮ್ನೆ ಇದೆ, ಕೆಲಸ ಏನೂ ಇಲ್ಲ, ಆದ್ರೂ ಬಿಪಿ ಪೂರ್ತಿ ಕೆಳಗಿಳೀಲಿಲ್ಲ. ಕಫ್ ಬಿಚ್ಚಿದ್ಮೇಲೆ ಇಳೀತು. ಅಂದ್ರೆ ಮಸಲ್ ಒಳಗೆ ಸಿಕ್ಕಾಕ್ಕೊಂಡಿರೋ ಕೆಮಿಕಲ್‌ಗಳನ್ನ ಅಲ್ಲಿನ ನರಗಳು ಗ್ರಹಿಸಿ, ಇಲ್ಲಿ ರಕ್ತ ಸಾಲ್ತಿಲ್ಲ ಒತ್ತಡ ಜಾಸ್ತಿ ಮಾಡು ಅಂತ ಮೆದುಳಿಗೆ ಸುದ್ದಿ ಕಳಿಸ್ತಾ ಇವೆ. ಮೆದುಳು ಉಳಿದ ಕಡೆ ರಕ್ತನಾಳ ಬಿಗಿ ಮಾಡಿ ಒತ್ತಡ ಏರಿಸತ್ತೆ. ಏರೋಬಿಕ್ ಬಿಎಫ್‌ಆರ್‌ನಲ್ಲಿ ನಾವು ಮಾಡ್ತಿರೋದು ಹೆಚ್ಚು ಕಮ್ಮಿ ಇದನ್ನೇ, ಕೆಮಿಕಲ್‌ಗಳನ್ನ ಬೇಕಂತಲೇ ಕಾಲಲ್ಲಿ ಕೂಡಿಹಾಕ್ತಿದೀವಿ, ಅದೂ ವೇಯ್ಟ್ ಎತ್ತಿದ ಹಾಗೆ ಅರ್ಧ ನಿಮಿಷ ಅಲ್ಲ, ಎಷ್ಟೋ ನಿಮಿಷ ಒಂದೇ ಸಮ.

2010ರಲ್ಲಿ ರೆಂಜಿ, ತನಾಕಾ, ಸುಗವಾರಾ ಇದನ್ನ ನಡಿಗೇಲೇ ಅಳೆದ್ರು. ಗಂಟೆಗೆ ಸುಮಾರು 3.2 ಕಿಲೋಮೀಟರ್, ತೊಡೆಗೆ ಪಟ್ಟಿ. ಹಾರ್ಟ್ ರೇಟ್ ಮತ್ತು ಬಿಪಿ ಎರಡೂ ಮಾಮೂಲಿ ನಡಿಗೆಗಿಂತ ಚೆನ್ನಾಗೇ ಏರಿದ್ವು, ಒಂದು ಬಡಿತಕ್ಕೆ ಹೊರಹೋಗೋ ರಕ್ತ ಇಳೀತು, ವ್ಯಾಯಾಮ ಆದ್ಮೇಲೆ ಮಂಡಿ ಹಿಂದಿನ ಅಪಧಮನಿಯ ಹಿಗ್ಗೋ ಗುಣಾನೂ ಸ್ವಲ್ಪ ಹೊತ್ತು ಕುಗ್ಗಿತ್ತು. ಹಾರ್ಟ್ ರೇಟನ್ನ ಬಿಪಿಯ ಮೇಲಿನ ನಂಬರ್ ಜೊತೆ ಗುಣಿಸಿದ್ರೆ ಹಾರ್ಟ್ ಮಸಲ್‌ಗೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಅಂದಾಜು ಸಿಗತ್ತೆ, ಎರಡೂ ಏರಿದಾಗ ಗುಣಿಸಿದ್ದು ಇನ್ನೂ ಜಾಸ್ತಿ ಏರತ್ತೆ, ಲೆಕ್ಕ ಸಿಂಪಲ್. ಆರೋಗ್ಯವಾಗಿರೋ ಇಪ್ಪತ್ತೈದರ ಹುಡುಗನಿಗೆ ಇದು ಏನೂ ಅಲ್ಲ, ಮೆಟ್ಟಿಲು ಹತ್ತಿದ್ರೂ ಅಷ್ಟು ಆಗತ್ತೆ. ಬಿಪಿ ಕಂಟ್ರೋಲ್‌ನಲ್ಲಿ ಇಲ್ದಿರೋ, ಹಾರ್ಟ್‌ನ ರಕ್ತನಾಳದಲ್ಲಿ ಬ್ಲಾಕ್ ಇರೋ ಅರವತ್ತೈದರ ಮನುಷ್ಯನಿಗೆ "ಸುಮ್ನೆ ವಾಕಿಂಗ್ ಅಲ್ವಾ ಸಾರ್" ಅಂತ ಪಟ್ಟಿ ಕಟ್ಟೋದು ಬೇರೆ ಮಾತು. ಮಂಡಿ ಸವೆದಿದೆ ಅಂತ ಬರೋರಲ್ಲಿ ಬಿಪಿ ಮಾತ್ರೆ ತಗೊಳ್ಳೋರು ತುಂಬ ಜನ ಇರ್ತಾರೆ, ಇದೇ ಇಲ್ಲಿನ ಸಿಕ್ಕು. ಯಾರಿಗೆ ಪಟ್ಟಿಯಿಂದ ಜಾಸ್ತಿ ಉಪಯೋಗವೋ ಅವ್ರಿಗೇ ಜಾಸ್ತಿ ಹುಷಾರಿ ಬೇಕು.

ಇದರಿಂದಾನೇ ನಂಗೆ ಇನ್ನೊಂದು ಅನುಮಾನ. ಜೋರಾದ ಓಟದಲ್ಲಿ ಹಾರ್ಟ್‌ಗೆ ರಕ್ತ ತುಂಬಿ ತುಂಬಿ ಬರತ್ತೆ, ಆ ತುಂಬುವಿಕೆಯಿಂದಾನೇ ವರ್ಷಗಟ್ಟಲೆ ಓಡೋರ ಹಾರ್ಟ್ ದೊಡ್ಡದಾಗಿ ಒಂದು ಬಡಿತಕ್ಕೆ ಜಾಸ್ತಿ ಪಂಪ್ ಮಾಡೋ ಶಕ್ತಿ ಪಡೆಯೋದು. ಪಟ್ಟಿ ಕಟ್ಟಿದಾಗ ತುಂಬೋದೇ ಕಮ್ಮಿ. ಹಾಗಾಗಿ ಇದರ ಲಾಭ ಹೆಚ್ಚಾಗಿ ಕಾಲಿನ ಮಟ್ಟದ್ದು, ಬಂದ ರಕ್ತದಿಂದ ಆಕ್ಸಿಜನ್ ಚೆನ್ನಾಗಿ ಹೀರ್ಕೊಳ್ಳೋ ಮಸಲ್, ಕ್ಯಾಪಿಲರಿ ಅನ್ನೋ ತೀರಾ ಸಣ್ಣ ರಕ್ತನಾಳ ಜಾಸ್ತಿ ಆಗೋದು, ಅಂಥದ್ದು. ಪಂಪ್ ದೊಡ್ಡದು ಮಾಡೋಕೆ ಇದು ಸರಿಯಾದ ಸಾಧನ ಅಲ್ಲ ಅನ್ಸತ್ತೆ.

ಉಳಿದ ಅಪಾಯಗಳು? ರಕ್ತ ಹೆಪ್ಪುಗಟ್ಟೋದೇ ಎಲ್ರಿಗೂ ಮೊದಲು ಬರೋ ಭಯ. 2006ರಲ್ಲಿ ಜಪಾನಿನಲ್ಲಿ ಕಾಟ್ಸು ಮಾಡಿಸೋ ನೂರಕ್ಕೂ ಜಾಸ್ತಿ ಸೆಂಟರ್‌ಗಳಿಂದ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಿದ ಒಂದು ಸರ್ವೇ ಬಂತು. ವೇಯ್ನ್‌ನಲ್ಲಿ ಹೆಪ್ಪುಗಟ್ಟಿದ್ದು 0.055 ಪರ್ಸೆಂಟ್, ಶ್ವಾಸಕೋಶಕ್ಕೆ ಹೆಪ್ಪು ಹೋಗಿದ್ದು 0.008 ಪರ್ಸೆಂಟ್, ಮಸಲ್ ಕರಗಿ ಕಿಡ್ನಿಗೆ ತೊಂದರೆ ಕೊಡೋ ರಾಬ್ಡೊಮಯೋಲಿಸಿಸ್ಸೂ 0.008 ಪರ್ಸೆಂಟ್. ಚರ್ಮದ ಕೆಳಗೆ ರಕ್ತ ಕಟ್ಟಿ ಕಲೆ ಆಗೋದು ಮಾತ್ರ 13 ಪರ್ಸೆಂಟ್ ಹತ್ರ, ಜೋಮು 1.3 ಪರ್ಸೆಂಟ್. ದೊಡ್ಡ ತೊಂದರೆ ಅಪರೂಪ ಅನ್ನೋದು ಸಮಾಧಾನವೇ, ಆದ್ರೆ ಇದು ತರಬೇತಿ ಆದೋರ ಕೈಕೆಳಗೆ ಮಾಡಿಸಿದ ಸೆಂಟರ್‌ಗಳ ಲೆಕ್ಕ, ಮನೇಲಿ ಆನ್‌ಲೈನ್ ಬ್ಯಾಂಡ್ ತರಿಸಿ ಬಿಗಿದುಕೊಳ್ಳೋರ ಲೆಕ್ಕ ಅಲ್ಲ. ಮೊದಲೇ ಕಾಲಲ್ಲಿ ಹೆಪ್ಪುಗಟ್ಟಿದ ಹಿಸ್ಟರಿ ಇರೋರು, ಗರ್ಭಿಣಿಯರು, ಕಾಲಿನ ಅಪಧಮನಿ ಕಾಯಿಲೆ ಇರೋರು, ಕಾಲಲ್ಲಿ ವೇಯ್ನ್ ಗಂಟು ಗಂಟಾಗಿ ಉಬ್ಬಿರೋರು ಡಾಕ್ಟರನ್ನ ಕೇಳದೆ ಇದರ ಹತ್ರ ಹೋಗಬಾರದು. ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇರೋರೂ ಇದೇ ಸಾಲಿಗೆ ಸೇರ್ತಾರೆ, ಆಕ್ಸಿಜನ್ ಕಮ್ಮಿ ಆದಾಗ್ಲೇ ಅವರ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗಿ ಸಿಕ್ಕಾಕ್ಕೊಳೋದು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ, ಹಾಗಾಗಿ ನಮ್ಮ ಕಡೆ ಇದು ಪುಸ್ತಕದ ಮಾತಲ್ಲ.

ಎಷ್ಟು ಬಿಗಿ ಮಾಡ್ಬೇಕು ಅನ್ನೋದರಲ್ಲೇ ಅರ್ಧ ವಿದ್ಯೆ ಇರೋದು. ಹಳೇ ಜಪಾನಿ ಸ್ಟಡಿಗಳಲ್ಲಿ 160ರಿಂದ 230 ಮಿಲಿಮೀಟರ್ ಮರ್ಕ್ಯುರಿ ಅಂತೆಲ್ಲ ನಂಬರ್ ಕಾಣತ್ತೆ, ಅದನ್ನ ನೋಡಿ ನಿಮ್ಮ ಕಫ್‌ಗೆ 200 ತುಂಬಿದ್ರೆ ಕೆಟ್ಟಿರಿ. ಅವರ ಬೆಲ್ಟು ಸುಮಾರು 5 ಸೆಂಟಿಮೀಟರ್ ಅಗಲ. ಕಫ್ ಅಗಲ ಆದಷ್ಟೂ ಕಮ್ಮಿ ಒತ್ತಡದಲ್ಲೇ ರಕ್ತ ನಿಲ್ಲತ್ತೆ, ಹಾಸ್ಪಿಟಲ್ ಥರದ ಅಗಲದ ಕಫ್‌ನಲ್ಲಿ ಅದೇ ನಂಬರ್ ಅಂದ್ರೆ ಕಾಲಿಗೆ ರಕ್ತ ಪೂರ್ತಿ ಬಂದ್ ಆಗಬಹುದು. ತೊಡೆ ದಪ್ಪ ಇದ್ರೆ ಜಾಸ್ತಿ ಒತ್ತಡ ಬೇಕು, ಬಿಪಿ ಜಾಸ್ತಿ ಇದ್ರೂ ಜಾಸ್ತಿ ಬೇಕು. ಹಾಗಾಗಿ ಎಲ್ರಿಗೂ ಒಂದೇ ನಂಬರ್ ಅನ್ನೋದು ಅರ್ಥವಿಲ್ಲದ್ದು. ಸರಿಯಾದ ಕ್ರಮ ಏನಪ್ಪ ಅಂದ್ರೆ, ಕಫ್ ಹಾಕಿ, ರಕ್ತ ಹರಿಯೋ ಶಬ್ದ ಕೇಳಿಸೋ ಡಾಪ್ಲರ್ ಅನ್ನೋ ಸಾಧನ ಇಟ್ಟು ಪಾದದ ನಾಡಿ ಕೇಳ್ತಾ ಗಾಳಿ ತುಂಬ್ತಾ ಹೋಗೋದು, ಶಬ್ದ ಎಲ್ಲಿ ಪೂರ್ತಿ ನಿಲ್ಲತ್ತೋ ಅದು ಆ ಮನುಷ್ಯನ, ಆ ಕಾಲಿನ, ಆ ಕಫ್‌ನ ಮುಚ್ಚೋ ಒತ್ತಡ, ಅದರಲ್ಲಿ 40ರಿಂದ 80 ಪರ್ಸೆಂಟ್ ಮಾತ್ರ ಬಳಸೋದು. ಕೆಲವು ಹೊಸ ಮಷೀನ್‌ಗಳು ಇದನ್ನ ತಾವೇ ಅಳೀತವೆ. 2019ರಲ್ಲಿ ಈ ಕ್ಷೇತ್ರದ ಸುಮಾರು ಜನ ಸಂಶೋಧಕರು ಕೂತು ಬರೆದ ಮಾರ್ಗಸೂಚಿಯಲ್ಲೂ ಏರೋಬಿಕ್‌ಗೆ ಇದೇ ಅಳತೆ, ಜೊತೆಗೆ ವಾರಕ್ಕೆ 2ರಿಂದ 3 ಸಲ, ಸಾಮರ್ಥ್ಯದ 50 ಪರ್ಸೆಂಟ್‌ಗಿಂತ ಕೆಳಗೆ, ಒಂದು ಸಲಕ್ಕೆ 5ರಿಂದ 20 ನಿಮಿಷ ಅಂತಿದೆ. ಕಟ್ಟೋ ಜಾಗ ತೊಡೆಯ ಮೇಲ್ತುದಿ, ಕೈಯಾದ್ರೆ ತೋಳಿನ ಮೇಲ್ತುದಿ, ಮಂಡಿ ಕೆಳಗೆ ಇಲ್ಲ ಮುಂಗೈಗೆ ಕಟ್ಟಬಾರದು, ಅಲ್ಲಿ ನರ ಚರ್ಮಕ್ಕೆ ಹತ್ರ ಇರತ್ತೆ.

ನೋವಿನ ಬಗ್ಗೆ ಒಂದು ಮಾತು, ತೊಡೆ ಉರಿಯೋದು ಮಾಮೂಲು, ಮೊದಮೊದಲು ಜಾಸ್ತಿ, ಆಮೇಲೆ ಸ್ವಲ್ಪ ಅಭ್ಯಾಸ ಆಗತ್ತೆ. ಎಷ್ಟೋ ಜನ ಇದಕ್ಕೇ ಬಿಟ್ಬಿಡ್ತಾರೆ, ಅವರನ್ನ ಸೋಮಾರಿ ಅನ್ನೋದು ತಪ್ಪು, ನಿಜವಾಗ್ಲೂ ಹಿಂಸೆ ಅದು. 2 ನಿಮಿಷ ಮಾಡಿ 1 ನಿಮಿಷ ಗಾಳಿ ಬಿಟ್ಟು ಮತ್ತೆ ತುಂಬೋ ಥರ ಮಾಡಿದ್ರೆ ತಡ್ಕೊಳೋದು ಸುಲಭ, ಬಿಪಿ ಏರಿಕೆಗೂ ನಡುವೆ ಉಸಿರು ಸಿಗತ್ತೆ. ಆದ್ರೆ ಉರಿ ಬೇರೆ, ಪಾದ ಮರಗಟ್ಟೋದು, ಬೆಳ್ಳಗಾಗೋದು ಇಲ್ಲ ನೀಲಿಯಾಗೋದು, ಸೂಜಿ ಚುಚ್ಚಿದ ಹಾಗಾಗೋದು ಬೇರೆ, ಆಗ ಸೆಟ್ ಮುಗಿಸ್ತೀನಿ ಅಂತ ಕಾಯಬಾರದು, ಅಲ್ಲೇ ಗಾಳಿ ಬಿಡಬೇಕು. ಮತ್ತೆ ಮುಗಿದ್ಮೇಲೂ ಟ್ರೆಡ್‌ಮಿಲ್‌ನಿಂದ ಇಳಿದು ಹಾಗೇ ನಿಂತ್ಕೊಂಡು ಎರಡೂ ಕಫ್ ಒಟ್ಟಿಗೆ ಬಿಚ್ಚೋದು ಬೇಡ, ಇಷ್ಟು ಹೊತ್ತು ಹಸಿದಿದ್ದ ಕಾಲಿಗೆ ರಕ್ತ ಒಮ್ಮೆಲೆ ನುಗ್ಗತ್ತೆ, ಏರಿಸಿಟ್ಟಿದ್ದ ಬಿಪಿ ಧಡಕ್ಕಂತ ಇಳಿಯತ್ತೆ, ತಲೆ ತಿರುಗಿ ಬೀಳಬಹುದು. ಕುರ್ಚಿ ಮೇಲೆ ಕೂತು ಒಂದೊಂದಾಗಿ ಬಿಚ್ಚಿ, ಎರಡು-ಮೂರು ನಿಮಿಷ ಪಾದ ಆಡಿಸ್ತಾ ಕೂತಿದ್ದು ಆಮೇಲೆ ಏಳಿ.